ಮರ್ಡೀನಾ ಗಿಲ್ಲಿಸ್ ಕೇಳಿದ ಪ್ರಶ್ನೆ

ಗ್ಲೇಸ್ ಬೇ ಅಂಚೆ ಕಚೇರಿಯಲ್ಲಿ ಮರ್ಡೀನಾ ಗಿಲ್ಲಿಸ್ ಮೂವತ್ತೊಂದು ವರ್ಷ ಕಾಗದ ವಿಂಗಡಿಸಿದಳು. ಲಕೋಟೆ ಒಡೆಯದೆಯೇ ಒಳಗಿರುವುದನ್ನು ಓದುತ್ತಿದ್ದಳು ಎಂದು ಊರಿನವರು ಈಗಲೂ ಆಡಿಕೊಳ್ಳುತ್ತಾರೆ. ಅದೆಲ್ಲ ಸುಳ್ಳು. ಒಳಗೇನಿದೆ ಎಂದು ಅವಳಿಗೆ ಗೊತ್ತಾಗುತ್ತಿರಲಿಲ್ಲ. ಏನೋ ಇದೆ ಎಂಬ ಗುಮಾನಿ ಮಾತ್ರ ಒಂದು ದಿನವೂ ತಪ್ಪುತ್ತಿರಲಿಲ್ಲ. ಹೊಸ ಪಾದ್ರಿಯ ಬೂಟು ಅಷ್ಟೊಂದು ಹೊಳೆಯುವುದೇಕೆ, ಪಕ್ಕದ ಮನೆಯವರು ಹಗಲಲ್ಲೇ ಪರದೆ ಎಳೆಯುವುದೇಕೆ, ಗಂಡ ಹೆಕ್ಟರ್ ಬೆಳಗ್ಗೆ ಎದ್ದಾಗಿನಿಂದ ಸಿಳ್ಳೆ ಹಾಕುವುದೇಕೆ, ಒಂದೊಂದಕ್ಕೂ ಕಾರಣ ಬೇಕು ಅವಳಿಗೆ. ಅನುಮಾನದ ಹೆಂಗಸು ಎಂದರೆ ಮಾತ್ರ ಮೈಯೆಲ್ಲ ಉರಿ. "ಅನುಮಾನ ಅಲ್ಲ ಕಣ್ರೀ, ಗಮನ. ನಿಮಗ್ಯಾರಿಗೂ ಇಲ್ಲ, ನನಗಿದೆ, ಅಷ್ಟೇ" ಎನ್ನುವಳು.

ನಿವೃತ್ತಿಯಾದ ಮೇಲೆ ಈ ಗಮನಕ್ಕೆ ಬೇರೆ ಕೆಲಸವಿಲ್ಲದೆ ಅದು ಹೆಕ್ಟರನ ಪ್ರಾಣ ತಿನ್ನತೊಡಗಿತು. ಕಲ್ಲಿದ್ದಲ ಗಣಿಯೊಳಗೆ ಇಪ್ಪತ್ತಾರು ವರ್ಷ ಬಗ್ಗಿ ನಡೆದ ಆಸಾಮಿ, ಮನೆಯಲ್ಲಿ ನೆಟ್ಟಗೆ ನಿಂತರೂ "ಯಾಕೆ ನಿಂತೆ?" ಅನ್ನಿಸಿಕೊಳ್ಳಬೇಕು. ಅವನ ಪುಣ್ಯಕ್ಕೆ ಹೆಂಡತಿಗೆ 'ಹಿಂಬಾಗಿಲು' ಸಿಕ್ಕಿತು.

ಕನ್ನಡದಲ್ಲಿ ಹಿಂಬಾಗಿಲಿನಿಂದ ಬಂದವನೆಂದರೆ ಅರ್ಥವೇ ಬೇರೆ. ಗ್ಲೇಸ್ ಬೇ ಇರುವ ಕೆನಡಾದ ಕೇಪ್ ಬ್ರೆಟನ್ ದ್ವೀಪದಲ್ಲಿ ಮನೆಯ ಮುಂಬಾಗಿಲು ಬಡಿಯುವವರು ಪೊಲೀಸರು ಮತ್ತು ಶವಪೆಟ್ಟಿಗೆ ಹೊರುವವರು ಮಾತ್ರ. ನಮ್ಮವರೆನಿಸಿಕೊಂಡವರು ಹಿಂಬಾಗಿಲು ನೂಕಿಕೊಂಡು ಸೀದಾ ಅಡುಗೆಮನೆಗೆ ಬರಬೇಕು. ಪಿಟೀಲು ತಂದಿದ್ದರೆ ಇನ್ನೂ ಒಳ್ಳೆಯದು. ಅದೇ ಹೆಸರನ್ನಿಟ್ಟುಕೊಂಡು ಯಾರೋ ಪುಣ್ಯಾತ್ಮರು ಅಂತರ್ಜಾಲದಲ್ಲಿ ಒಂದು ಬಳಗ ಕಟ್ಟಿದ್ದರು. ದೊಡ್ಡ ರೇಡಿಯೋಗಳು ತಿರುಗಿಯೂ ನೋಡದ ಕೆನಡಾದ ಹಾಡುಗಾರರನ್ನು ಹುಡುಕಿ ತರುವುದು ಅದರ ಕೆಲಸ. ಈ ಕಡಲಿನಿಂದ ಆ ಕಡಲಿನವರೆಗೆ ಹನ್ನೊಂದು ಸಾವಿರ ಜನ ಸದಸ್ಯರು. ಪ್ರತಿ ಭಾನುವಾರ ಒಬ್ಬರನ್ನು ಆರಿಸುತ್ತಾರೆ. ಆರಿಸಿದರೆ ಸಾಕು, ಅವರ ಹಾಡು ಹಾಕಿ ಎಂದು ಊರೂರಿನ ರೇಡಿಯೋಗಳಿಗೆ ಫೋನು ಹೋಗುತ್ತದೆ. ಸದಸ್ಯರು ತಮ್ಮ ಮನೆಯಲ್ಲೇ ಮೂವತ್ತು ಕುರ್ಚಿ ಹಾಕಿ, ಒಂದು ಪಾತ್ರೆ ಸೂಪು ಕಾಯಿಸಿ, ಮಲಗಲು ಹಾಸಿಗೆ ಕೊಟ್ಟು ಕಛೇರಿ ಮಾಡಿಸುತ್ತಾರೆ. ಮನೆಯಿಂದ ಮನೆಗೆ ಹಾಡುತ್ತ ಹೋಗಿ ಮೂರು ಸಾವಿರ ಕಿಲೋಮೀಟರು ದಾಟಿ, ಹೋದಲ್ಲೇ ಬದುಕು ಕಟ್ಟಿಕೊಂಡವರೂ ಇದ್ದಾರೆ.

ಬಂದ ಹಾಡುಗಳನ್ನು ಜರಡಿ ಹಿಡಿಯಲು ಆ ಬಳಗಕ್ಕೆ ಇಬ್ಬರು ಕಾವಲುಗಾರರು. ಒಬ್ಬ ದೂರದ ಸಸ್ಕ್ಯಾಚೆವಾನ್ ಪ್ರಾಂತದಲ್ಲಿ ಶಾಲೆಯ ಬಸ್ಸು ಓಡಿಸುವ ಲೋರ್ನ್ ಪೆಟ್ರಿವ್. ಇನ್ನೊಬ್ಬಳು ನಮ್ಮ ಮರ್ಡೀನಾ. ಲೋರ್ನನಿಗೆ ಎಲ್ಲರೂ ಚೆನ್ನಾಗಿ ಹಾಡುವವರೇ. ಹಾಗಾಗಿ ಬೇಡ ಎನ್ನುವ ಕೆಲಸವೆಲ್ಲ ಇವಳ ಪಾಲಿಗೆ ಬಂದಿತ್ತು.

ಆ ಚಳಿಗಾಲದಲ್ಲಿ ಅವಳ ಗುಮಾನಿಗೆ ಕೋಡು ಮೂಡಿತು. ಬಳಗದವರು ಕಣ್ಣೀರು ಹಾಕಿಕೊಂಡು ಕೇಳಿದ ಇಬ್ಬರು ಗಾಯಕರು ಮನುಷ್ಯರೇ ಅಲ್ಲ, ಕಂಪ್ಯೂಟರು ಹೊಸೆದ ದನಿಗಳು ಎಂದು ಬಯಲಾಯಿತು. ಒಬ್ಬ ಅಜ್ಜಿಯಂತೂ ಅದರಲ್ಲಿ ಒಂದಕ್ಕೆ ಉಣ್ಣೆಯ ಕಾಲುಚೀಲ ಹೆಣೆದು ಕಳಿಸಿದ್ದಳು. ಇಷ್ಟು ದಿನ ತನ್ನನ್ನು ಆಡಿಕೊಂಡವರ ಬಾಯಿ ಮುಚ್ಚಿತಲ್ಲ ಎಂದು ಮರ್ಡೀನಾಗೆ ಒಳಗೊಳಗೇ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಅವಳೇ ನಿಯಮ ತಂದಳು: ಆಯ್ಕೆಗೆ ಮೊದಲು ಹಾಡುವವರು ನೇರ ವೀಡಿಯೋದಲ್ಲಿ ಮುಖ ತೋರಿಸಿ, ಕಾವಲುಗಾರರ ಪ್ರಶ್ನೆಗೆ ಉತ್ತರ ಕೊಡಬೇಕು.

ಮಾರ್ಚಿ ತಿಂಗಳಲ್ಲಿ ಟ್ಯಾಮ್ಸಿನ್ ವೇಲ್ ಎಂಬ ಹೆಸರಿನಲ್ಲಿ ಒಂದು ಹಾಡು ಬಂತು. ಗಣಿಯ ಸೈರನ್ನು ನಿಂತ ಮೇಲೂ ಅದೇ ಹೊತ್ತಿಗೆ ಎಚ್ಚರವಾಗುವ ಒಂದು ಬೀದಿಯ ಹಾಡು. ಕೆಳಗೆ 'ಊರು: ಗ್ಲೇಸ್ ಬೇ' ಎಂದಿತ್ತು. ಲೋರ್ನ್ ಕೂಡಲೇ ಫೋನು ಮಾಡಿದ.

"ಪೋಸ್ಟ್ ಮೇಡಂ, ನಿಮ್ಮೂರ ಹುಡುಗಿ! ಬಸ್ಸು ನಿಲ್ಲಿಸಿ ಕೇಳಿದೆ. ಮಕ್ಕಳೆಲ್ಲ ಗಪ್‌ಚುಪ್!"

"ನಮ್ಮೂರಲ್ಲಿ ವೇಲ್ ಅಂತ ಒಂದು ಮನೆಯೂ ಇಲ್ಲ" ಎಂದಳು ಮರ್ಡೀನಾ. "ಮೂವತ್ತೊಂದು ವರ್ಷ ಕಾಗದ ವಿಂಗಡಿಸಿದೀನಿ. ಟ್ಯಾಮ್ಸಿನ್ ಅಂತೆ ಟ್ಯಾಮ್ಸಿನ್! ಕೆಮ್ಮಿನ ಔಷಧಿ ಹೆಸರಿದ್ದ ಹಾಗಿದೆ."

"ಹಾಡು ಹೇಗಿದೆ ಹೇಳಿ."

"ಚೆನ್ನಾಗಿದೆ. ಅದೇ ನನಗೆ ಸರಿ ಕಾಣ್ತಿಲ್ಲ."

ಹಾಡನ್ನು ಅವಳು ಹದಿನಾಲ್ಕು ಸಲ ಕೇಳಿದಳು. ಹಿನ್ನೆಲೆಯಲ್ಲಿ ಗುಂಯ್ ಎನ್ನುವ ಸದ್ದು; ಯಂತ್ರದ್ದೇ ಇರಬೇಕು. ಉಸಿರು ಎಳೆದುಕೊಳ್ಳುವುದು ಅಷ್ಟು ಸ್ಪಷ್ಟವಾಗಿ ಕೇಳಿಸುತ್ತಿದೆ, ಬೇಕೆಂದೇ ಸೇರಿಸಿರಬೇಕು. ಐದನೆಯ ಸಲ ಕೇಳುವಾಗ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. ತನ್ನನ್ನೂ ಬುಟ್ಟಿಗೆ ಹಾಕಿಕೊಳ್ಳುತ್ತಿದೆಯಲ್ಲ ಎಂದು ಅವಳಿಗೆ ಮತ್ತಷ್ಟು ಸಿಟ್ಟು ಬಂತು.

ಶನಿವಾರ ಮಧ್ಯಾಹ್ನ ಮೂರಕ್ಕೆ ನೇರ ವೀಡಿಯೋ. ನೋಡಲು ಮುನ್ನೂರು ಜನ ಸೇರಿದ್ದರು. ಇಪ್ಪತ್ತೆರಡು ಇಪ್ಪತ್ಮೂರರ ತೆಳ್ಳನೆಯ ಹುಡುಗಿ. ಬೆನ್ನ ಹಿಂದೆ ಹಳದಿ ಗೋಡೆ, ಅದಕ್ಕೊರಗಿ ಬಟ್ಟೆ ಒಣಗಿಸುವ ಯಂತ್ರ, ಅದರ ಬಾಗಿಲಿಗೆ ಬೆಳ್ಳಿ ಬಣ್ಣದ ಟೇಪು. ಲೋರ್ನ್ ಕೇಳಿದ ಸ್ವರವನ್ನೆಲ್ಲ ಗಿಟಾರಿನಲ್ಲಿ ಹಿಡಿದು ತೋರಿಸಿದಳು. ಎಲ್ಲರೂ ಭೇಷ್ ಎನ್ನತೊಡಗಿದರು. ಆಗ ಮರ್ಡೀನಾ ತನ್ನ ಪ್ರಶ್ನೆ ಹಾಕಿದಳು.

"ನಿಮ್ಮಪ್ಪ ಯಾರಮ್ಮ?"

ಬೇರೆ ಕಡೆ ಇದು ಒರಟು ಮಾತು. ಗ್ಲೇಸ್ ಬೇಯಲ್ಲಿ ಇದು ನಮಸ್ಕಾರವಿದ್ದ ಹಾಗೆ. ಒಂದೇ ಹೆಸರಿನ ನಲವತ್ತು ಜನರಿರುವ ಊರಿನಲ್ಲಿ ಅಪ್ಪನ ಹೆಸರು, ತಾತನ ಹೆಸರು, ಮನೆಯ ಅಡ್ಡಹೆಸರು ಕೇಳದೆ ಮನುಷ್ಯ ಯಾರೆಂದು ತಿಳಿಯುವುದೇ ಇಲ್ಲ. ಅಂಗಡಿಯಲ್ಲಿ ಬ್ರೆಡ್ಡು ಕೊಳ್ಳಲು ಬಂದ ಮಗುವಿಗೂ ಮೊದಲು ಇದನ್ನೇ ಕೇಳುತ್ತಾರೆ. ಇಲ್ಲಿ ಹುಟ್ಟಿ ಬೆಳೆದವರು ನಿದ್ದೆಯಲ್ಲಿ ಕೇಳಿದರೂ ಪಟಪಟ ಒಪ್ಪಿಸುತ್ತಾರೆ.

ಹುಡುಗಿ ಒಪ್ಪಿಸಲಿಲ್ಲ. ಗಿಟಾರಿನ ಮೇಲಿದ್ದ ಕೈ ಹಾಗೇ ನಿಂತಿತು.

"ಅದು ಯಾಕೆ ಬೇಕು?"

"ನಮ್ಮೂರವಳು ಅಂತ ಬರ್ಕೊಂಡಿದೀಯಲ್ಲ, ಅದಕ್ಕೆ. ನಮ್ಮೂರಲ್ಲಿ 'ಯಾಕೆ ಬೇಕು' ಅಂತ ಯಾರೂ ಕೇಳಲ್ಲ. ಹೇಳು, ಯಾರ ಮಗಳು ನೀನು?"

"ಗೊತ್ತಿಲ್ಲ" ಎಂದಳು ಹುಡುಗಿ. ಕೈ ಚಾಚಿ ಪರದೆ ಆರಿಸಿಬಿಟ್ಟಳು.

ಬಳಗದಲ್ಲಿ ಹುಯ್ಯೋ ಎಂದು ಗದ್ದಲವೆದ್ದಿತು. ಮೋಸ, ಕಳ್ಳ ಹೆಸರು, ಕಳ್ಳ ಊರು, ಮುಖವೂ ಯಂತ್ರದ್ದೇ ಇರಬೇಕು. ಮರ್ಡೀನಾ ಕಣ್ಣನ್ನು ತಪ್ಪಿಸಿಕೊಂಡು ಹೋಗುವವರುಂಟೇ ಎಂದು ಹೊಗಳಿದವರಿಗೆ ಲೆಕ್ಕವಿಲ್ಲ. ಲೋರ್ನ್ ಒಬ್ಬ ಆ ಗದ್ದಲಕ್ಕೆ ಸೇರಲಿಲ್ಲ.

ಶನಿವಾರದ ಸಂಜೆ, ಊರಿನ ಎಲ್ಲ ಮನೆಯಂತೆ ಅವರ ಮನೆಯಲ್ಲೂ ಬೇಯಿಸಿದ ಬೀನ್ಸ್ ಮತ್ತು ಕಂದು ಬ್ರೆಡ್ಡು. ಮರ್ಡೀನಾ ಗೆದ್ದು ಬಂದವಳ ಹಾಗೆ ಬಡಿಸುತ್ತಿದ್ದಳು. ಹೆಕ್ಟರ್ ಬ್ರೆಡ್ಡು ಮುರಿಯುತ್ತ ಕೇಳಿದ:

"ಏನಂದ್ಳು ಆ ಹುಡುಗಿ?"

"ಗೊತ್ತಿಲ್ಲ ಅಂದ್ಳು! ಸಿಕ್ಕಿಬಿದ್ಲು."

"ಅಲ್ಲ ಕಣೇ, ಮೋಸ ಮಾಡೋಳು ಗೊತ್ತಿಲ್ಲ ಅಂತಾಳಾ? ಯಾವನೋ ಒಬ್ಬ ಮ್ಯಾಕ್‌ಡೊನಾಲ್ಡ್ ಅಂದುಬಿಟ್ಟಿದ್ರೆ ಮುಗೀತಿತ್ತು. ನಮ್ಮೂರಲ್ಲಿ ಕಲ್ಲು ಹೊಡೆದ್ರೆ ಒಬ್ಬ ಮ್ಯಾಕ್‌ಡೊನಾಲ್ಡ್ 'ಅಯ್ಯೋ' ಅಂತಾನೆ. ನೀನೂ ಯಾವ ಮ್ಯಾಕ್‌ಡೊನಾಲ್ಡ್ ಅಂತ ನಾಳೆವರೆಗೂ ಹುಡುಕ್ತಿದ್ದೆ."

"ಸುಮ್ನೆ ತಿನ್ನು ಹೆಕ್ಟರ್."

"ತಿಂತೀನಿ. ಕಂಪ್ಯೂಟರ್‌ಗಂತೂ ಉತ್ತರ ರೆಡಿ ಇರುತ್ತೆ. ಗೊತ್ತಿಲ್ಲ ಅನ್ನೋದು ನಿಜವಾಗ್ಲೂ ಗೊತ್ತಿಲ್ದೋರು ಮಾತ್ರ."

ಮರ್ಡೀನಾ ಕೈಯಲ್ಲಿದ್ದ ಸೌಟು ಪಾತ್ರೆಯ ಮೇಲೇ ನಿಂತಿತು. ಗಂಡ ಮೂರ್ಖ ಎಂದು ನಲವತ್ತು ವರ್ಷದಿಂದ ನಂಬಿಕೊಂಡಿದ್ದಳು. ಈಗ ಆ ನಂಬಿಕೆಯ ಮೇಲೂ ಅನುಮಾನ ಬಂತು. ಹಳದಿ ಗೋಡೆ, ಟೇಪು ಅಂಟಿಸಿದ ಬಾಗಿಲು. ಅದೇ ಯಂತ್ರದಲ್ಲಿ ತಾನು ಹೋದ ವರ್ಷ ರಜಾಯಿ ಒಣಗಿಸಿಕೊಂಡು ಬಂದಿದ್ದಳು. ಯೂನಿಯನ್ ಬೀದಿಯ ಲಾಂಡ್ರಿ! ಹಾಡಿನ ಹಿಂದಿದ್ದ ಗುಂಯ್ ಸದ್ದು ಬಟ್ಟೆ ಒಣಗಿಸುವ ಯಂತ್ರದ್ದು ಎಂದು ಆಗ ಹೊಳೆಯಿತು.

ಭಾನುವಾರ ಬೆಳಗ್ಗೆ ಚರ್ಚಿನ ಪೂಜೆಗೂ ಹೋಗದೆ ಲಾಂಡ್ರಿಗೆ ಹೋದಳು. ಸಂಜೆ ಆರಕ್ಕೆ ಆಯ್ಕೆ. ಹುಡುಗಿ ಯಾರದೋ ಹಾಸಿಗೆ ಬಟ್ಟೆ ಮಡಚುತ್ತಿದ್ದಳು. ಮರ್ಡೀನಾ ಹೆಸರು ಹಿಡಿದು ಕರೆದಳು; ದನಿ ಕೇಳಿದ ಕೂಡಲೇ ಹುಡುಗಿ ಗುರುತು ಹಿಡಿದಳು.

"ಓ. ನೀವಾ ಅದು?" ಎಂದಳು. "ನಿಮ್ಮ ಫೋಟೋ ಇರೋ ಜಾಗದಲ್ಲಿ ಒಂದು ಟೀ ಕೆಟಲ್ ಚಿತ್ರ ಇದೆ. ಮುನ್ನೂರು ಜನರ ಮುಂದೆ ಒಂದು ಕೆಟಲ್ ಬಂದು ನಿಮ್ಮಪ್ಪ ಯಾರು ಅಂತ ಕೇಳ್ತು ನನ್ನನ್ನ."

ಮರ್ಡೀನಾಗೆ ನಗಬೇಕೋ ಸಾಯಬೇಕೋ ತಿಳಿಯಲಿಲ್ಲ. ಈ ದೇಶದಲ್ಲಿ ದೀಪದ ಕಂಬಕ್ಕೆ ಡಿಕ್ಕಿ ಹೊಡೆದರೂ ಕಂಬಕ್ಕೆ ಸಾರಿ ಹೇಳುತ್ತಾರೆ. ಅವಳೂ ದಿನಕ್ಕೆ ಇಪ್ಪತ್ತು ಸಲ ಹೇಳುವವಳೇ. ಇವತ್ತು ಮಾತ್ರ ಆ ಎರಡಕ್ಷರ ಹೊರಗೆ ಬರಲೊಲ್ಲದು.

"ನೀನು ಎಲ್ಲಿ ಬೆಳೆದೆ?" ಎಂದು ಕೇಳಿದಳು. ಅದೂ ಪ್ರಶ್ನೆಯೇ ಆಯಿತು.

"ನೋಡಿ, ಮತ್ತೆ ಶುರು!" ಹುಡುಗಿ ಬಟ್ಟೆ ಕೊಡವಿದಳು. "ಸರ್ಕಾರದೋರು ನಾಲ್ಕು ಮನೆಗೆ ಸಾಕೋಕೆ ಕೊಟ್ರು. ನಾಲ್ಕೂ ಇದೇ ಊರಲ್ಲಿ. ಒಂದು ಮನೆಯಲ್ಲಿ ಎರಡು ವರ್ಷ, ಒಂದರಲ್ಲಿ ಐದು. ವೇಲ್ ಅನ್ನೋದು ಆಸ್ಪತ್ರೇಲಿ ಯಾರೋ ಬರೆದ ಹೆಸರು. ಒಂಬತ್ತು ವರ್ಷದವಳಿದ್ದಾಗ ನಿಮ್ಮ ಕಿಟಕಿಗೆ ಬಂದು ಸ್ಟಾಂಪು ತಗೊಂಡಿದ್ದೆ. ಆವತ್ತೂ ಇದೇ ಕೇಳಿದ್ರಿ. ಹೇಳ್ಲಿಲ್ಲ ಅಂತ ಸ್ಟಾಂಪು ಕೊಡೋ ಮುಂಚೆ ಕಾಗದ ಹಿಂದೆ ಮುಂದೆ ತಿರುಗಿಸಿ ನೋಡಿದ್ರಿ."

ಮರ್ಡೀನಾಗೆ ಅದು ನೆನಪಿರಲಿಲ್ಲ. ಸುಳ್ಳಿರಬಹುದು ಎಂದು ಅನುಮಾನ ಪಡಲೂ ಆಗಲಿಲ್ಲ. ಹಾಗೆ ತಿರುಗಿಸಿ ನೋಡುವವಳು ಊರಿನಲ್ಲಿ ತಾನೊಬ್ಬಳೇ. ನಾಚಿಕೆ ಎಂದರೆ ಇದೇ ಇರಬೇಕು ಎಂದುಕೊಂಡಳು.

"ತಪ್ಪಾಯ್ತಮ್ಮ" ಎಂದಳು ಕೊನೆಗೆ. "ಇವತ್ತಿನ ಆಯ್ಕೆ ನಿನ್ನದೇ ಆಗ್ಲಿ. ನಾನು ಬರೀತೀನಿ."

ಹುಡುಗಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಯಾಕೆ? ಈಗ ಏನು ಬೇಕಾಗಿದೆ ನಿಮಗೆ? ವೀಡಿಯೋ ಗೀಡಿಯೋ ತೆಗೀತಿದೀರಾ?"

"ಇಲ್ಲಮ್ಮ, ದೇವರಾಣೆ."

"ಬರೆಯೋದು ಬೇಡ. ಬರೆಯೋದು ಸುಲಭ. ನಿನ್ನೆ ಅಷ್ಟೂ ಜನ ಕೇಳಿಸ್ಕೊಂಡ್ರಲ್ಲ, ಅಷ್ಟೂ ಜನರ ಮುಂದೆ ನೀವೂ ಮುಖ ತೋರಿಸಿ. ಸಾರಿ ಗೀರಿ ಬೇಡ. ಯಾಕೆ ಕೇಳಿದ್ರಿ ಅಂತ ಹೇಳಿ. ಆಮೇಲೆ ಹಾಡ್ತೀನಿ. ಇಲ್ಲಾಂದ್ರೆ ನನಗೆ ಮಡಚೋಕೆ ಇನ್ನೂ ಎರಡು ಬುಟ್ಟಿ ಬಟ್ಟೆ ಇದೆ."

ಸಂಜೆ ಆರಕ್ಕೆ ಕೆಟಲ್ ಹೋಗಿ ಅದರ ಜಾಗದಲ್ಲಿ ಅರವತ್ತೆಂಟು ವರ್ಷದ ಮುಖವೊಂದು ಬಂತು. ಕನ್ನಡಕ ಓರೆಯಾಗಿತ್ತು, ಕೂದಲು ಬಾಚಿದ್ದರೂ ಬಾಚದ ಹಾಗಿತ್ತು. ನೋಡಲು ಒಂಬೈನೂರು ಜನ ಸೇರಿದ್ದರು. ಮೊದಲಿಗೆ ಬಂದ ಮಾತೇ ಇದು: 'ಯಾರಿವಳು? ನಮ್ಮ ಮರ್ಡೀನಾ ಎಂದು ನಂಬುವುದು ಹೇಗೆ?' ಇನ್ನೊಬ್ಬ, 'ಕೈ ಎತ್ತಿ ಬೆರಳು ತೋರಿಸಲಿ, ಯಂತ್ರವಾದರೆ ಆರು ಬೆರಳಿರುತ್ತದೆ' ಎಂದ. ಮರ್ಡೀನಾ ಎರಡೂ ಕೈ ಎತ್ತಿ ಬೆರಳು ತೋರಿಸಬೇಕಾಯಿತು. ಪಕ್ಕದಲ್ಲಿ ಹೆಕ್ಟರ್ ನಗು ತಡೆಯಲಾರದೆ ಹೊರಗೆ ಎದ್ದುಹೋದ.

"ನಿನ್ನೆ ಆ ಹುಡುಗೀನ ಯಾಕೆ ಹಾಗೆ ಕೇಳಿದೆ ಅಂತ ಹೇಳ್ತೀನಿ" ಎಂದು ಶುರು ಮಾಡಿದಳು. "ಅವಳು ಯಾರು ಅಂತ ತಿಳ್ಕೊಳ್ಳೋಕಲ್ಲ. ಹಾಡು ಕೇಳಿ ನನಗೆ ಅಳು ಬಂತು. ಇಷ್ಟು ಚೆನ್ನಾಗಿ ಹಾಡೋಳು ನಮ್ಮೂರಲ್ಲಿದ್ದು ನನಗೆ ಗೊತ್ತಿಲ್ಲ ಅಂದ್ರೆ ನಾನ್ಯಾತರ ಪೋಸ್ಟ್ ಮರ್ಡೀನಾ? ಅದಕ್ಕೇ ಅವಳು ಸುಳ್ಳಾಗ್ಲಿ ಅಂತ ಕೇಳಿದೆ. ಅವಳು ಸುಳ್ಳಲ್ಲ. ಇದೇ ಊರಿನೋಳು. ಇಪ್ಪತ್ತು ವರ್ಷದಿಂದ ಇಲ್ಲೇ ಇದಾಳೆ. ಕಣ್ಣಿದ್ದೂ ನೋಡದೋಳು ನಾನು."

ಟ್ಯಾಮ್ಸಿನ್ ಗಿಟಾರ್ ಎತ್ತಿಕೊಂಡು ಹಾಡಿದಳು. ಹಾಡು ಮುಗಿದಾಗ ಲೋರ್ನ್ ತನ್ನ ಬಸ್ಸಿನ ಹಾರನ್ನನ್ನು ಎಲ್ಲರಿಗೂ ಕೇಳುವಂತೆ ಬಾರಿಸಿದ. ಆಯ್ಕೆಗೆ ಮತ ಹಾಕುವ ಅಗತ್ಯವೇ ಬೀಳಲಿಲ್ಲ.

ಮನೆ ತೆರೆಯುತ್ತೇವೆ ಎಂದು ನಲವತ್ತೊಂದು ಜನ ಬರೆದರು. ಮರ್ಡೀನಾ ಎಲ್ಲರಿಗಿಂತ ಮೊದಲು ಬರೆದಿದ್ದಳು. ಅಷ್ಟಕ್ಕೇ ಬಿಡದೆ ಅಡುಗೆಮನೆಯ ಮೇಜು ಗೋಡೆಗೆ ತಳ್ಳಿಸಿ, ಚರ್ಚಿನಿಂದ ಮೂವತ್ತು ಕುರ್ಚಿ ಕೇಳಿಟ್ಟು, ಓಟ್ಸ್ ಬಿಸ್ಕತ್ತಿಗೆ ಬೆಣ್ಣೆಯನ್ನೂ ತಂದಿಟ್ಟಳು. ಯಾವ ಯಾವ ಮನೆಯಲ್ಲಿ ಹಾಡುವುದು ಎಂದು ಆರಿಸುವ ಹಕ್ಕು ಹಾಡುವವರದು. ಆ ಪಟ್ಟಿಗೆ ಒಪ್ಪಿಗೆ ಒತ್ತುವುದು ಕಾವಲುಗಾರರ ಕೆಲಸ.

ಬುಧವಾರ ಪಟ್ಟಿ ಬಂತು. ಒಂಬತ್ತು ಮನೆಗಳು. ದ್ವೀಪದಾಚೆಯ ಆಂಟಿಗೊನಿಷ್ ಊರಿನಿಂದ ಹಿಡಿದು ಲೋರ್ನನ ಮನೆಯವರೆಗೆ. ಮರ್ಡೀನಾ ಕನ್ನಡಕ ಒರೆಸಿಕೊಂಡು ಮೇಲಿನಿಂದ ಕೆಳಕ್ಕೆ ಓದಿದಳು, ಕೆಳಗಿನಿಂದ ಮೇಲಕ್ಕೂ ಓದಿದಳು. ತನ್ನ ಮನೆ ಕೈತಪ್ಪಿ ಬಿಟ್ಟುಹೋಗಿರಬಹುದೇ ಎಂದು ಮೊದಲ ಬಾರಿಗೆ ಅವಳಿಗೆ ಅನುಮಾನ ಬರಲಿಲ್ಲ.

"ನಮ್ಮನೆಗೆ ಯಾವತ್ತು?" ಎಂದು ಹೆಕ್ಟರ್ ಕುರ್ಚಿಯೊಂದರ ಮೇಲೆ ಕೂತು ಕೇಳಿದ.

"ಬರಲ್ಲ" ಎಂದಳು ಮರ್ಡೀನಾ, ಒಪ್ಪಿಗೆ ಒತ್ತಿದಳು.