ದೊಡ್ಡಮ್ಮನ ದನಿ ಒಡೆದ ಜಾಗ

ನನ್ನ ಹಿಂದೆ ಯಾವ ಕಂಪನಿಯೂ ಇಲ್ಲ. ಹಾಡು ಕಟ್ಟುವುದು, ಹಾಡುವುದು, ಪೋಸ್ಟರ್ ಮಾಡುವುದು, ಕಂಡ ಕಂಡ ಗ್ರೂಪುಗಳಲ್ಲಿ ಲಿಂಕ್ ಹಾಕಿ ‘ದಯವಿಟ್ಟು ಕೇಳಿ’ ಎಂದು ಗೋಗರೆಯುವುದು, ಎಲ್ಲ ನಾನೇ. ಕುಮಟಾದ ಬಾಡಿಗೆ ಕೋಣೆಯಿಂದ ಬಿಡುಗಡೆ ಮಾಡಿದ ಮೊದಲ ಹಾಡುಗಳನ್ನು ನೆಂಟರೂ ಪೂರ್ತಿ ಕೇಳಲಿಲ್ಲ. “ಚಲೋ ಇತ್ತೆ” ಎನ್ನುತ್ತಿದ್ದರು. ಯಾವುದು ಚಲೋ ಇತ್ತು ಎಂದರೆ ಮೀನಿನ ರೇಟಿಗೆ ಮಾತು ತಿರುಗಿಸುತ್ತಿದ್ದರು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಈ ಸಲ ಕೇಳಿಸಿಯೇ ಬಿಡುತ್ತೇನೆ ಎಂದು ಹಟ ಹಿಡಿದೆ.

ಅಮ್ಮನ ಅಕ್ಕ, ನನ್ನ ದೊಡ್ಡಮ್ಮ, ಭಟ್ಕಳದ ಹತ್ತಿರ ಹೆಬಳೆಯಲ್ಲಿ ಮಲ್ಲಿಗೆ ಬೆಳೆಯುತ್ತಾಳೆ. ನಮ್ಮ ಕಡೆ ಯಾರ ಮದುವೆಯಾದರೂ ಹೆಣ್ಣನ್ನು ಕಳಿಸುವ ಹೊತ್ತಿಗೆ ಅವಳೇ ಹಾಡಬೇಕು. ಆ ಹಾಡು ಶುರುವಾದರೆ ಗಂಡಿನ ಕಡೆಯವರೂ ಕಣ್ಣೊರೆಸಿಕೊಳ್ಳುತ್ತಾರೆ. ನನ್ನ ಹೊಸ ಹಾಡಿನ ನಡುವೆ ಅದನ್ನು ಇಡಬೇಕೆಂದು ಹೆಬಳೆಗೆ ಹೋದೆ.

“ಹೆಣ್ಣು ಹೊರಡದೆ ಅದನ್ನ ಹಾಡುಕಾಗ. ಮನೆಗೆ ಒಳ್ಳೇದಲ್ಲ” ಎಂದಳು ದೊಡ್ಡಮ್ಮ.

ನಾನು ಮುಖ ಊದಿಸಿಕೊಂಡು ಕೂತೆ. ಊಟಕ್ಕೆ ಕರೆದರೂ ಏಳಲಿಲ್ಲ. ಕೊನೆಗೆ ಅವಳೇ ಸೋತಳು. “ಹಾಂಗಾರೆ ನೀನೇ ಮದ್ಮಗಳಾಗಿ ಕೂತ್ಕ” ಎಂದು ಮಣೆ ಹಾಕಿದಳು, ತಲೆಗೆ ಮಲ್ಲಿಗೆಯ ದಂಡೆ ಮುಡಿಸಿದಳು. ನಾನು ರೆಕಾರ್ಡರನ್ನು ಮಡಿಲಲ್ಲಿಟ್ಟುಕೊಂಡೆ. ಅವಳು ನನ್ನ ಗಲ್ಲ ಹಿಡಿದು ಹಾಡಿದಳು. ಇವಳಿಗೆ ನಿದ್ದೆ ಜಾಸ್ತಿ, ಬೆಳಿಗ್ಗೆ ಕೂಗಿ ಎಬ್ಬಿಸಬೇಡಿ ಎಂದು ಬೀಗಿತ್ತಿಯನ್ನು ಬೇಡಿಕೊಳ್ಳುವ ಹಾಡು ಅದು. ‘ಮಗಳು’ ಎನ್ನುವಲ್ಲಿ ಅವಳ ದನಿ ಒಡೆಯಿತು. ಅಮ್ಮ ಹಾಸಿಗೆ ಹಿಡಿದಿದ್ದಾಗ ನನ್ನನ್ನು ಸಾಕಿದವಳು ಅವಳು; ಮದುವೆಯ ಮಾತೆತ್ತಿದರೆ ಜಗಳಕ್ಕೆ ನಿಲ್ಲುವ ನಾನು ಮಣೆಯ ಮೇಲೆ ಕೂತದ್ದನ್ನು ಕಂಡು ನಿಜಕ್ಕೂ ಅಳುತ್ತಿದ್ದಳು. ನಾನು ಮಡಿಲು ನೋಡುತ್ತಿದ್ದೆ, ರೆಕಾರ್ಡಿಂಗ್ ಸರಿಯಾಗಿ ಆಗುತ್ತಿದೆಯೇ ಎಂದು.

ಹೊನ್ನಾವರದಲ್ಲಿ ಮದುವೆ ವಿಡಿಯೋ ಎಡಿಟ್ ಮಾಡುವ ಗೆಳೆಯನೊಬ್ಬ ನನ್ನ ಹಾಡುಗಳನ್ನೂ ಸರಿಮಾಡಿಕೊಡುತ್ತಿದ್ದ. “ಪೂರ್ತಿ ಹಾಡು ಯಾರಿಗೆ ಬೇಕೆ? ರೀಲಿಗೆ ಹದಿನೈದು ಸೆಕೆಂಡು ಸಾಕು. ಇದಿಷ್ಟನ್ನೇ ಹಾಕು” ಎಂದು ದನಿ ಒಡೆದಲ್ಲಿಗೆ ತಂದು ನಿಲ್ಲಿಸಿದ. ನಾನು ಹೂಂ ಎಂದೆ. ಅವನು ಹೇಳಿದ್ದಕ್ಕೆ ಮಾಡಿದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಆ ಜಾಗ ಜನರನ್ನು ಹಿಡಿಯುತ್ತದೆ ಎಂದು ಹೆಬಳೆಯಿಂದ ಬಸ್ಸಿನಲ್ಲಿ ಬರುವಾಗಲೇ ನನಗೆ ಗೊತ್ತಿತ್ತು.

ಹಿಡಿಯಿತು, ಆದರೆ ನಗುವುದಕ್ಕೆ. ಬೆಕ್ಕು ಬಂಗುಡೆ ಮೀನು ಕಚ್ಚಿಕೊಂಡು ಓಡುವ ವಿಡಿಯೋಕ್ಕೆ ಯಾರೋ ದೊಡ್ಡಮ್ಮನ ಒಡೆದ ದನಿ ಹಚ್ಚಿದರು. ಆಮೇಲೆ ಪೆಟ್ರೋಲ್ ಮುಗಿದ ಸ್ಕೂಟಿಗೆ, ಬಿರಿಯಾನಿಯಲ್ಲಿ ಪೀಸ್ ಸಿಗದವನಿಗೆ, ಎಲ್ಲದಕ್ಕೂ ಅದೇ. ನನ್ನ ಹೆಸರಿನ ಕೆಳಗೆ ಕೇಳುಗರ ಸಂಖ್ಯೆ ಏರುತ್ತಲೇ ಹೋಯಿತು. ನನಗೆ ಖುಷಿಯಾಯಿತು, ಅದನ್ನು ಮುಚ್ಚಿಟ್ಟು ಫಲವಿಲ್ಲ. ಬೆಕ್ಕಿನ ವಿಡಿಯೋವನ್ನು ನಾನೇ ನಗುವ ಗುರುತು ಹಾಕಿ ಹಂಚಿಕೊಂಡೆ.

ಒಂದು ದಿನ ದೊಡ್ಡಮ್ಮ ಫೋನ್ ಮಾಡಿದಳು. “ಹೂವು ಕೊಡುಕೆ ಪೇಟೆಗೆ ಹೋಗಿದ್ದೆ. ಅಲ್ಲೊಬ್ಬನ ಮೊಬೈಲಲ್ಲಿ ನನ್ನ ದನಿ ಬಂತು. ಎಲ್ಲ ನಗಾಡಿದ್ರು. ಎಂತದೇ ಅದು?”

“ಜನಕ್ಕೆ ಇಷ್ಟ ಆಗಿದೆ ದೊಡ್ಡಮ್ಮಾ” ಎಂದೆ.

“ಆತು” ಎಂದು ಇಟ್ಟಳು.

ಅವತ್ತೇ ನನ್ನ ರೀಲನ್ನು ತೆಗೆದೆ. ಅಷ್ಟರಲ್ಲಿ ಅದು ಊರವರೆಲ್ಲರ ಮೊಬೈಲಿನಲ್ಲಿತ್ತು.

ಈಚೆಗೆ ಹೊನ್ನಾವರದಲ್ಲಿ ನಮ್ಮ ಸಂಬಂಧಿಕರ ಹುಡುಗಿಯೊಬ್ಬಳ ಮದುವೆಯಾಯಿತು. ಹೆಣ್ಣನ್ನು ಕಳಿಸುವ ಹೊತ್ತಿಗೆ ದೊಡ್ಡಮ್ಮನನ್ನು ಕರೆದರು. ಅವಳು ಬಾಯಿ ತೆರೆಯುವ ಮೊದಲೇ ಬಾಗಿಲ ಹತ್ತಿರ ನಿಂತ ಹುಡುಗರಲ್ಲಿ ಒಬ್ಬ ಆ ಒಡೆದ ದನಿಯನ್ನು ಅಣಕಿಸಿದ, ಉಳಿದವರು ಕಿಸಕ್ಕೆಂದರು. ಮದುಮಗಳೂ ತುಟಿ ಕಚ್ಚಿ ನಗು ತಡೆದಳು. ದೊಡ್ಡಮ್ಮ ಅವಳ ಗಲ್ಲ ಹಿಡಿದು ಹಾಡಿದಳು. ‘ಮಗಳು’ ಬಂತು, ದನಿ ಒಡೆಯಲಿಲ್ಲ. ಶಾಲೆಯ ಪ್ರಾರ್ಥನೆಯ ಹಾಗೆ ಒಂದೇ ಸಮನೆ ಹಾಡಿ ಮುಗಿಸಿದಳು. ಯಾರೂ ಅಳಲಿಲ್ಲ. ಹುಡುಗಿಯ ತಾಯಿ ಕಾರಿನಲ್ಲಿ ಯಾರು ಎಲ್ಲಿ ಕೂರಬೇಕೆಂದು ಹೇಳತೊಡಗಿದಳು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಭಟ್ಕಳದ ಬಸ್ಸು ಕಾಯುತ್ತ ಇಬ್ಬರೂ ಕೂತಿದ್ದೆವು. ಕ್ಷಮಿಸು ಎನ್ನಬೇಕೆಂದು ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದೆ. ಅಷ್ಟರಲ್ಲಿ ಅವಳೇ ನನ್ನ ಕಡೆ ತಿರುಗಿದಳು.

“ಇಷ್ಟು ವರ್ಷ ತಪ್ಪು ಹಾಡ್ತಿದ್ದೆ, ಯಾರೂ ಹೇಳ್ಲೇ ಇಲ್ಲ ನೋಡು. ಮನೇಲಿ ದಿನಾ ಹಾಡಿ ಹಾಡಿ ಸರಿಮಾಡ್ಕಂಡೆ. ಇವತ್ತು ಎಲ್ಲೂ ದನಿ ಒಡೀಲಿಲ್ಲ ಅಲ್ದನೇ? ನೀನು ಕಲ್ತವಳು, ಹೇಳು.”

“ಚಲೋ ಆಗಿತ್ತು ದೊಡ್ಡಮ್ಮಾ” ಎಂದೆ.