ಇಲ್ಲದ ಬೆರಳಿಗೆ ಗೊತ್ತಾದ ಮೊಳೆ

ತಿರುಗುತ್ತಿದ್ದ ಅಲಗು ಇನ್ನೇನು ಹಲಗೆಗೆ ತಾಗಬೇಕು, ಬಡಗಿ ಮೌನೇಶಪ್ಪನವರು ತಟ್ಟನೆ ಯಂತ್ರ ನಿಲ್ಲಿಸಿ ತಮ್ಮ ಎಡಗೈ ನೋಡಿಕೊಂಡರು. ಆ ಕೈಯಲ್ಲಿ ಕೊನೆಯ ಎರಡು ಬೆರಳುಗಳಿರಲಿಲ್ಲ.

"ಕಿರುಬೆರಳು ಜುಮ್ ಅಂತೈತ್ರಿ. ಈಗ ಕೊಯ್ಯೋದು ಬ್ಯಾಡ."

"ಇಲ್ಲದ ಬೆರಳಿನ ಮಾತು ಕೇಳ್ತೀಯೇನೋ ಮಾರಾಯಾ!" ಹಲಗೆಯ ಇನ್ನೊಂದು ತುದಿ ಹಿಡಿದಿದ್ದ ನಮ್ಮ ಯಜಮಾನರು ನಕ್ಕರು.

ತೊಂಬತ್ತೆಂಟರ ಸುಮಾರು. ಅತ್ತೆಯ ಕಾಲದ ಬಾಗಿಲ ಹಲಗೆಯಿಂದ ತೂಗುಮಣೆ ಮಾಡಿಸಲು ದಾವಣಗೆರೆಯಿಂದ ಹರಿಹರದ ಅವರ ಅಂಗಡಿಗೆ ಹೋಗಿದ್ದೆವು. ಅಗಲ ಹಲಗೆಗೆಂದೇ ಅವರ ತಮ್ಮ ದುಬೈನಿಂದ ತಂದುಕೊಟ್ಟ, ಹಿಂದೆಮುಂದೆ ಜಾರುವ ಕರೆಂಟ್ ಗರಗಸ ಅಲ್ಲಿತ್ತು. ಅದರ ತಲೆಯನ್ನು ತಮ್ಮತ್ತ ಎಳೆದು, ಕೆಳಗಿಳಿಸಿ, ನಿಧಾನವಾಗಿ ಆಚೆ ತಳ್ಳಿದರೆ ಗೆರೆ ಕೂದಲಷ್ಟೂ ತಪ್ಪುತ್ತಿರಲಿಲ್ಲ.

ಮೌನೇಶಪ್ಪನವರು ಪೆನ್ಸಿಲ್ ಗೆರೆಯ ಮೇಲೆ ಉಳಿಯಿಂದ ಕೆರೆದರು. ಹಳೆಯ ಹಸಿರು ಬಣ್ಣದ ಅಡಿಯಲ್ಲಿ, ಸರಿಯಾಗಿ ಗೆರೆಯ ಮೇಲೆಯೇ, ತಲೆ ಮುರಿದ ಮೊಳೆಯೊಂದು ಕಂಡಿತು.

"ಅಲಗಿನ ಹಲ್ಲು ಇದಕ್ಕ ಬಡಿದು ಹಾರಿದ್ರೆ ನಿಮ್ಮ ಕಣ್ಣೇ ಹೋಗ್ತಿತ್ತು ಸಾವ್ಕಾರ್ರೆ. ನನ್ನ ಬೆರಳು ಹೋಗಿದ್ದೂ ಹಿಂಗೇ ಒಂದು ಮೊಳೆಯಿಂದ."

ಯಜಮಾನರ ನಗು ಅಲ್ಲಿಗೇ ನಿಂತಿತು. ಮೌನೇಶಪ್ಪನವರು ಗೆರೆಯನ್ನು ಎರಡು ಬೆರಳಷ್ಟು ಆಚೆ ಸರಿಸಿ, ಒಂದೇ ಸಲಕ್ಕೆ ನೇರವಾಗಿ ಕೊಯ್ದರು.

ತೂಗುಮಣೆಯ ಅಂಚಿನಲ್ಲಿ ಮೊಳೆ ಕಿತ್ತ ತೂತು ಇಂದಿಗೂ ಹಾಗೇ ಇದೆ. ಕೂತಾಗಲೆಲ್ಲ ನನ್ನ ಕಿರುಬೆರಳು ತಾನಾಗಿಯೇ ಅಲ್ಲಿಗೆ ಹೋಗುತ್ತದೆ. ಯಾಕೋ, ಅಲ್ಲಿ ಆಗಲೇ ಇನ್ನೊಂದು ಬೆರಳು ಇದ್ದ ಹಾಗನ್ನಿಸಿ, ಕೈ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.