ಹಿಮದೂರಿನ ಐದು ತುಳಸಿ

ಬೆಳಗಿನ ಐದು ಗಂಟೆ. ಕೌನಸ್ ಪಟ್ಟಣದಾಚೆ ನೇಮುನಸ್ ಹೊಳೆ ಹೆಪ್ಪುಗಟ್ಟಿ ಮಲಗಿದೆ. ಊರಲ್ಲಿ ಎದ್ದಿರುವವರು ಅಲ್ಡೋನಾ ಅಜ್ಜಿ ಒಬ್ಬರೇ. ಒಲೆಗೆ ಸೌದೆ ತುರುಕಿ, ಮಂಚದ ಪಕ್ಕದ ಐದು ತುಳಸಿ ಕುಂಡಗಳನ್ನು ಹಸುಗೂಸುಗಳಂತೆ ಒಂದೊಂದಾಗಿ ಮುಟ್ಟಿ ನೋಡುತ್ತಾರೆ.

"ಎದ್ರೇನ್ರಮ್ಮಾ? ಚಳಿಯಾಯ್ತಾ?"

ಹೊದಿಕೆಯೊಳಗಿಂದ ಗಂಡ ಜಿಗ್ಮಸ್ ಗೊಣಗುತ್ತಾರೆ: "ನಲವತ್ತು ವರ್ಷದಲ್ಲಿ ನನ್ನ ಒಂದಿನ ಹಂಗೆ ಕೇಳಿದೀಯೇನೇ?"

"ನಿಮಗೇನು, ಬೇರು ಗಟ್ಟಿ ಇದೆ. ಮಲಗಿ!"

ಇಲ್ಲಿನ ಕೃಷ್ಣ ಮಂದಿರದ ನೈವೇದ್ಯಕ್ಕೆ ತುಳಸಿ ಬೆಳೆದುಕೊಡುವವರು ಎಪ್ಪತ್ತೆರಡರ ಈ ಅಜ್ಜಿ. ಬೀಟ್ರೂಟ್ ಸಾರಿರಲಿ, ಆಲೂಗಡ್ಡೆ ಕಡುಬಿರಲಿ, ಮೇಲೊಂದು ದಳ ಬೀಳದೆ ದೇವರ ಮುಂದೆ ಹೋಗುವಂತಿಲ್ಲ.

ಈ ದೇಶ ಸೋವಿಯತ್ ಆಳ್ವಿಕೆಯಲ್ಲಿದ್ದ ಕಾಲದಲ್ಲಿ ಹರಿನಾಮ ಹೇಳಿದರೆ ಜೈಲು. ಅಜ್ಜಿ ಮತ್ತು ಜೊತೆಯ ಭಕ್ತರು ಕಿಟಕಿ ಮುಚ್ಚಿ, ರೇಡಿಯೋ ಜೋರು ಮಾಡಿ ಭಜನೆ ಮಾಡುತ್ತಿದ್ದರು. ತುಳಸಿಯೆಂದು ಯಾರೋ ತಂದ ಬೀಜ ಬಿತ್ತಿ, ಆ ಗಿಡಕ್ಕೆ ಎರಡು ವರ್ಷ ಆರತಿಯನ್ನೂ ಎತ್ತಿದರು. ಭಾರತದಿಂದ ಓದಲು ಬಂದ ಹುಡುಗಿಯೊಬ್ಬಳು ಎಲೆ ಮೂಸಿ ನಕ್ಕುಬಿಟ್ಟಳು. ಅಜ್ಜಿ ಈಗಲೂ ಹೇಳುತ್ತಾರೆ: "ಸೂಪಿಗೆ ಹಾಕೋ ಸೊಪ್ಪಂತೆ ಅದು! ಎರಡು ವರ್ಷ ಸೊಪ್ಪಿಗೆ ಪ್ರದಕ್ಷಿಣೆ ಹಾಕಿದ್ವಿ. ಭಗವಂತ ನಗ್ತಾ ತಗೊಂಡಿರ್ತಾನೆ ಬಿಡಿ." ಮರುವರ್ಷ ಆ ಹುಡುಗಿಯೇ ಸೀರೆಯಂಚಿನಲ್ಲಿ ಹೊಲಿದುಕೊಂಡು ನಿಜದ ಬೀಜ ತಂದಳು. ಇವು ಅದರದೇ ಸಂತಾನ.

ಈ ಜನವರಿಯಲ್ಲಿ ಮಂದಿರದ ಗಾಜಿನ ಮನೆಯ ಒಲೆ ಬಿರಿದು ಆರಿಹೋಗಿ, ಬೆಳಗಾಗುವುದರೊಳಗೆ ಚಳಿಗೆ ಅರವತ್ತು ಗಿಡ ಕಪ್ಪಾದವು. ಉಳಿದದ್ದು ಐದೇ. ಅವು ಬೀಜ ಕಟ್ಟುವ ತನಕ ಬದುಕದಿದ್ದರೆ ಆ ವಂಶವೇ ಮುಗಿಯಿತು. ಹಾಗಾಗಿ ದಿನಕ್ಕೆ ಎಂಟೇ ದಳ, ಅದೂ ಗಿಡದ ಅಪ್ಪಣೆ ಕೇಳಿ.

ಬೂಟಿನ ಹಿಮ ಕೊಡವುತ್ತ ಪೂಜಾರಿ ಕೆಸ್ತಾಸ್ ಬರುತ್ತಾನೆ. "ಅಜ್ಜಿ, ನಾಳಿದ್ದು ಚೈತನ್ಯ ಮಹಾಪ್ರಭುಗಳು ಹುಟ್ಟಿದ ಹುಣ್ಣಿಮೆ. ಒಂದು ಮಾಲೆಗಾಗುವಷ್ಟು..."

"ಎಂಟು."

"ದೇವರಿಗೇ ಇಲ್ಲ ಅಂತೀರಾ?"

"ದೇವರು ಮುಂದಿನ ವರ್ಷಾನೂ ಊಟ ಮಾಡ್ಬೇಕಲ್ಲಪ್ಪ!"

ಕೆಸ್ತಾಸ್ ಸೋತು ನಗುತ್ತಾನೆ. ಎಂಟು ದಳದ ಡಬ್ಬಿಯನ್ನು ಕೋಟಿನೊಳಗೆ ಎದೆಗವಚಿಕೊಂಡು ಹೊರಡುತ್ತಾನೆ.

ಅಜ್ಜಿ ಒಂದು ಕುಂಡವನ್ನು ದೀಪದ ಕಡೆಗೆ ತಿರುಗಿಸುತ್ತಾರೆ. ತುದಿಯಲ್ಲಿ ಕಡ್ಡಿಯಷ್ಟು ಸಣ್ಣ ಕದಿರು, ಅದರ ತುಂಬ ಕೆನ್ನೀಲಿ ಹೂ. ಬೇರೆ ವರ್ಷವಾದರೆ ಎಲೆ ಹೆಚ್ಚಲೆಂದು ಚಿವುಟಿಬಿಡುತ್ತಿದ್ದರು, ಈ ಸಲ ಮುಟ್ಟಿಲ್ಲ.

"ಬೀಜ ಬಲಿತರೆ ಹತ್ತು ಮನೆಗೆ ಹಂಚ್ತೀನಿ. ಎಲ್ಲಾ ಗಿಡ ಒಂದೇ ಒಲೆ ನಂಬಿ ಕೂತಿದ್ದೇ ತಪ್ಪು. ಅಷ್ಟು ಆಗೋವರೆಗೂ," ಅಜ್ಜಿ ಜಿಗ್ಮಸ್ ಕಡೆ ಕಣ್ಣು ಮಿಟುಕಿಸುತ್ತಾರೆ, "ನನಗೆ ಸಾಯೋಕೆ ಪುರುಸೊತ್ತಿಲ್ಲ."